ಗಂಟೆ ಹೆಂಗಸಿನ ಚಹರೆ

ವಿವರಪ್ಪನವರಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಆದರೆ ಬಸ್ ನಿಲ್ದಾಣದ ಹಿಂಭಾಗದ ‘ಕಳೆದುಹೋದ ವಸ್ತುಗಳ ವಿಭಾಗ’ದಲ್ಲಿ ಇಪ್ಪತ್ತೆರಡು ವರ್ಷ ಕೂತು, ಕಿಟಕಿಗೆ ಬಂದವರಿಗೆಲ್ಲ “ವಿವರ ಹೇಳಿ” ಎಂದು ಹೇಳಿ ಹೇಳಿ, ಆ ಹೆಸರೂ ಒಂದು ಕಳೆದುಹೋದ ವಸ್ತುವಾಯಿತು. ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ.

ವಿವರವಿಲ್ಲದೆ ವಸ್ತುವಿಲ್ಲ ಎಂಬುದು ಅವರ ಧರ್ಮ. “ಕಪ್ಪು ಛತ್ರಿ ಸಾರ್” ಎಂದು ಯಾರಾದರೂ ಬಂದರೆ, “ಕಪ್ಪು ಛತ್ರಿ ನಲವತ್ತಾರಿದೆ, ವಿವರ ಹೇಳಿ” ಎನ್ನುವರು.

“ಹಿಡಿ ಬಾಗಿದೆ ಸಾರ್.”

“ಬಾಗಿದ ಹಿಡಿಯವು ನಲವತ್ತೆರಡು. ಕಡ್ಡಿ ಎಷ್ಟು ಮುರಿದಿತ್ತು?”

“ಅದೆಲ್ಲ ಯಾರಿಗೆ ನೆನಪಿರುತ್ತೆ?”

“ನೆನಪೇ ಇಲ್ಲದ್ದನ್ನ ಕಳಕೊಂಡೆ ಅಂತ ಹೇಗ್ರೀ ಹೇಳ್ತೀರಿ?”

ಒಮ್ಮೆ ಒಬ್ಬ ಅಜ್ಜಿ ತನ್ನ ಹಲ್ಲಿನ ಸೆಟ್ಟು ಕಣ್ಣೆದುರೇ ಗಾಜಿನ ಲೋಟದಲ್ಲಿದ್ದರೂ, ಮೇಲಿನ ಸಾಲಿನಲ್ಲಿ ಎಷ್ಟು ಹಲ್ಲು ಎಂದು ಹೇಳಲಾರದೆ ಬೊಚ್ಚು ಬಾಯಲ್ಲೇ ಶಾಪ ಹಾಕಿ ಹೋದಳು. ಆ ಶಾಪವೇ ತಟ್ಟಿತೋ ಏನೋ, ಈ ಕಥೆ ನಡೆಯಿತು.

ಊರಿನವರ ಸಾಮಾನಿಗೆ ಇಷ್ಟು ಕಟ್ಟುನಿಟ್ಟಾದ ವಿವರಪ್ಪನವರು ತಮ್ಮದೇ ಬದುಕಿನಲ್ಲಿ ಶುದ್ಧ ಮಂಕು. ಅವರು ಕಳೆದುಕೊಂಡದ್ದರಲ್ಲೆಲ್ಲ ದೊಡ್ಡದು ಅಕ್ಕನ ಮಾತು. ಹನ್ನೊಂದು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ, ಆಕೆಯಿದ್ದ ಎರಡು ಕೋಣೆಯ ಬಾಡಿಗೆ ಮನೆಯನ್ನು ಖಾಲಿ ಮಾಡಬೇಕಾಯಿತು. ಅಕ್ಕ ಬೇರೊಂದು ಊರಿನಲ್ಲಿ ಕನ್ನಡಕದ ಅಂಗಡಿ ನಡೆಸುತ್ತಿದ್ದವಳು, ಫೋನಿನಲ್ಲಿ ಹೇಳಿದಳು: “ಮಂಚ, ಬೀರು ಏನಾದ್ರೂ ಮಾಡ್ಕೋ. ನಮ್ಮ ಆಟದ ಪೆಟ್ಟಿಗೆ ಒಂದು ಇಟ್ಟಿರು. ನಾನೇ ಬಂದು ತಗೊಂಡು ಹೋಗ್ತೀನಿ.”

ಟಿ.ವಿ.ಗೆ ಸಿಕ್ಕಿಸಿ ಆಡುವ ಹಳೆಯ ಕಾಲದ ಪೆಟ್ಟಿಗೆ ಅದು. ವಿವರಪ್ಪನವರು ಅದನ್ನು ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ‘ಅಕ್ಕನದು’ ಎಂದು ದಪ್ಪ ಅಕ್ಷರದಲ್ಲಿ ಬರೆದ ಚೀಟಿ ಅಂಟಿಸಿ, ತಮ್ಮ ಮನೆಯ ಅಟ್ಟದ ಮೇಲೆ ಜೋಪಾನ ಮಾಡಿದರು. ಎರಡು ವಾರದ ಮೇಲೆ ಅಕ್ಕ ಬಂದು ಗಂಟು ಬಿಚ್ಚಿದರೆ ಒಳಗೆ ಕೆಟ್ಟುಹೋದ ಇಸ್ತ್ರಿಪೆಟ್ಟಿಗೆ! ಆಟದ ಪೆಟ್ಟಿಗೆ ಹಳೆ ಟಿ.ವಿ.ಯ ಜೊತೆಯಲ್ಲಿ ಗುಜರಿಯವನ ಗಾಡಿ ಹತ್ತಿ ಹೋಗಿತ್ತು.

“ಊರಿನವರ ಛತ್ರಿ ಕಾಯ್ತೀಯ. ನಂದೊಂದು ಪೆಟ್ಟಿಗೆ ಕಾಯೋಕಾಗ್ಲಿಲ್ಲ ನಿನಗೆ” ಎಂದಳು ಅಕ್ಕ. ಅದೇ ಕಡೆ. ಆಮೇಲೆ ಅವರ ಫೋನು ಎತ್ತಲಿಲ್ಲ. ಅವರ ಹೆಂಡತಿಯ ಜೊತೆ ಮಾತ್ರ ಭಾನುವಾರಕ್ಕೊಮ್ಮೆ ತಾಸುಗಟ್ಟಲೆ ಹರಟುವಳು. ಆಗ ವಿವರಪ್ಪನವರು ಪಕ್ಕದ ಕೋಣೆಯಲ್ಲಿ ಪೇಪರು ಹಿಡಿದು ಕೂರುವರು. ಫೋನಿನಿಂದ ಅಕ್ಕನ ದನಿ ಸಣ್ಣಗೆ ಸೋರಿ ಬರುತ್ತಿತ್ತು. ಮಾತು ತಿಳಿಯದು, ದನಿ ಮಾತ್ರ. ಅಷ್ಟಕ್ಕೇ ಅವರಿಗೆ ಆ ವಾರ ಸಾಗುತ್ತಿತ್ತು. ಪೇಪರು ಎಷ್ಟೋ ಸಲ ತಲೆಕೆಳಗಾಗಿರುತ್ತಿತ್ತು.

ಇನ್ನು ಕಥೆಯ ಯಂತ್ರಕ್ಕೆ ಬರೋಣ. ವರ್ಷವಾದರೂ ಯಾರೂ ಕೇಳದ ವಸ್ತುಗಳನ್ನು ವಿಭಾಗದ ಸಿಬ್ಬಂದಿಗೆ ಚೀಟಿ ಎತ್ತಿ ಹಂಚುವುದು ವಾಡಿಕೆ. ಆ ಸಲ ಮೇಲಧಿಕಾರಿಗೆ ಗಾಲಿಕುರ್ಚಿ ಬಂತು, ವಿವರಪ್ಪನವರಿಗೆ ಅಂಗೈಯಗಲದ ಒಂದು ಆಟದ ಯಂತ್ರ. ನಡುವೆ ಗಾಜಿನ ಪರದೆ, ಎರಡು ಕಡೆ ಗುಂಡಿ. ನಿಲ್ದಾಣದ ಎದುರಿನ ಫೋನ್ ರಿಪೇರಿಯವನಿಗೆ ತೋರಿಸಿದರೆ ಅವನ ಕಣ್ಣರಳಿತು.

“ಇದನ್ನ ಬಿಚ್ಚಿ ಒಂಚೂರು ತಿದ್ದಿದ್ರೆ, ಎಮ್ಯುಲೇಟರ್ ಹಾಕ್ಬೋದು ಸಾರ್.”

“ಹಾಗಂದ್ರೆ?”

“ಹೊಸ ಯಂತ್ರ ಹಳೇ ಯಂತ್ರದ ವೇಷ ಹಾಕೋದು. ಮೂವತ್ತು ನಲವತ್ತು ವರ್ಷದ ಹಿಂದಿನ ಆಟಗಳೆಲ್ಲ, ನಾವಿನ್ನೂ ನಮ್ಮ ಹಳೇ ಪೆಟ್ಟಿಗೇಲೇ ಇದ್ದೀವಿ ಅಂದ್ಕೊಂಡು ಓಡ್ತವೆ. ಪಾಪ, ಅವಕ್ಕೆ ಗೊತ್ತೇ ಆಗಲ್ಲ.”

ವಿವರಪ್ಪನವರು ಯಂತ್ರವನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಕ್ಕನ ಆಟ ಇದರೊಳಗೆ ಸಿಕ್ಕಿಬಿಟ್ಟರೆ? ಅದನ್ನು ಅವಳ ಕೈಗಿಟ್ಟರೆ ಒಂದು ಮಾತು ಆಡದಿರುತ್ತಾಳೆಯೇ? ಬೈದರೂ ಸರಿ, ಎದುರಿಗೆ ನಿಂತು ಬೈಯಲಿ. ನಾಲ್ಕು ಸ್ಕ್ರೂ, ಒಂದು ಮೆಮೊರಿ ಕಾರ್ಡು, ಎರಡು ಲೋಟ ಚಹಾ ಮುಗಿಯುವುದರೊಳಗೆ ಯಂತ್ರದ ಹೊಟ್ಟೆಗೆ ನಾಲ್ಕು ಸಾವಿರ ಆಟಗಳು ಸೇರಿದವು.

“ಆಟದ ಹೆಸರೇನು ಸಾರ್? ಈಗಲೇ ತೆಗೆದುಕೊಡ್ತೀನಿ” ಎಂದ ರಿಪೇರಿಯವನು.

ವಿವರಪ್ಪನವರಿಗೆ ಅದೇ ಗೊತ್ತಿರಲಿಲ್ಲ. ಅವರ ಪೆಟ್ಟಿಗೆಯ ಮೇಲೆ ಆಟದ ಹೆಸರಿದ್ದ ಕಾಗದ ಅವರು ಚಿಕ್ಕವರಿದ್ದಾಗಲೇ ಹರಿದುಹೋಗಿತ್ತು. ನೀಲಿ ಅಂಗಿಯ ಹೆಂಗಸೊಬ್ಬಳು ಏಣಿ ಹತ್ತುತ್ತಾಳೆ, ಮೇಲಿನಿಂದ ಉರುಳಿ ಬರುವ ಡ್ರಮ್ಮುಗಳನ್ನು ಹಾರಿ ತಪ್ಪಿಸಿಕೊಳ್ಳುತ್ತಾಳೆ, ಪ್ರತಿ ಮಹಡಿಯ ಕೊನೆಯಲ್ಲೂ ಗಂಟೆ ಹೊಡೆಯುತ್ತಾಳೆ. ಅಕ್ಕ ತಮ್ಮ ಅವಳನ್ನು ಗಂಟೆ ಹೆಂಗಸು ಎನ್ನುತ್ತಿದ್ದರು. ಆರು ಮಹಡಿ ಅಕ್ಕ ಹತ್ತಿಸುವಳು. ಏಳನೆಯದಕ್ಕೆ ಗುಂಡಿಗಳನ್ನು ತಮ್ಮನ ಕೈಗೆ ಕೊಟ್ಟು, “ಗಂಟೆ ನೀನೇ ಹೊಡಿ ಮಂಕೇ” ಎನ್ನುವಳು. ತಮ್ಮ ಒಂದು ಸಲವಾದರೂ ಹೊಡೆದವನಲ್ಲ, ಪ್ರತಿ ಸಲವೂ ಬೀಳಿಸಿದವನೇ. ಅಕ್ಕ ಒಮ್ಮೆಯೂ ಬೈಯಲಿಲ್ಲ. ಮತ್ತೆ ಮೊದಲಿನಿಂದ ಆರು ಮಹಡಿ ಹತ್ತುವಳು.

“ಹೆಸರು ಗೊತ್ತಿಲ್ಲ, ರಾಗ ಗೊತ್ತು” ಎಂದು ವಿವರಪ್ಪನವರು ಅಂಗಡಿಯಲ್ಲೇ ಗುನುಗಿದರು. ರಿಪೇರಿಯವನು ರಾಗ ಗುರುತಿಸುವ ತನ್ನ ಫೋನನ್ನು ಅವರ ಬಾಯಿಗೆ ಹಿಡಿದ. ಫೋನು ಬಹಳ ಹೊತ್ತು ಯೋಚಿಸಿ, ಇದು ಕೊಕ್ಕರೆಯ ಕೂಗಿರಬಹುದು ಎಂದಿತು.

ಅಲ್ಲಿಂದ ಶುರುವಾಯಿತು ಶೋಧ. ನಲವತ್ತೈದನೇ ವಯಸ್ಸಿನಲ್ಲಿ ಆಟವಾಡುತ್ತೇನೆ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ, ವಿವರಪ್ಪನವರು ಮನೆಯಲ್ಲಿ ಗಂಭೀರವಾಗಿ, “ಆಫೀಸಿನ ಉಪಕರಣ, ತಪಾಸಣೆಗೆ ಕೊಟ್ಟಿದ್ದಾರೆ” ಎಂದರು.

“ತಪಾಸಣೆಗೆ ಹೆಬ್ಬೆಟ್ಟು ಯಾಕೆ ಕುಣಿಸಬೇಕು?” ಎಂದಳು ಹೆಂಡತಿ.

“ಇದರ ತಪಾಸಣೆ ಹೆಬ್ಬೆಟ್ಟಿನಿಂದಲೇ ಆಗೋದು. ನಿನಗೆ ಇಲಾಖೆಯ ವಿಷಯ ತಿಳಿಯಲ್ಲ.”

ಒಂದು ಸುಳ್ಳಿಗೆ ಊರುಗೋಲಾಗಿ ಇನ್ನೊಂದು ಸುಳ್ಳು ಬೇಕು. ಹಾಗಾಗಿ ಅವರು ಸಂಜೆ ಸಂಜೆ ಬಾಲ್ಕನಿಯಲ್ಲಿ ಗೋಡೆಗೆ ಮುಖ ಮಾಡಿ ಕೂತು, ದಿನಕ್ಕೆ ಎಪ್ಪತ್ತು ಆಟಗಳಂತೆ ತೆರೆದು ನೋಡುವುದು, ಹೆಂಡತಿಗೆ ಕೇಳಿಸಿ ಗುಟ್ಟು ರಟ್ಟಾದೀತೆಂದು ಸದ್ದು ಪೂರ್ತಿ ಇಳಿಸುವುದು, ಅಂಗಿಯ ಬಣ್ಣ ನೋಡಿ ಮುಚ್ಚುವುದು. ಮೇಲಿನ ಮನೆಯಾಕೆ ಬಟ್ಟೆ ಒಣಗಿಸಲು ಬಂದವಳು ಕೆಳಗೆ ಕಿವಿಯಿಟ್ಟರೆ ಕೇಳಿಸಿದ್ದು ಇಷ್ಟು: “ಇವಳಲ್ಲ... ಇವಳೂ ಅಲ್ಲ... ಥೂ, ಇವಳ ಅಂಗಿ ಗುಲಾಬಿ... ಇವಳಿಗೆ ಮೀಸೆ ಇದೆ... ಎಲ್ಲಿದ್ದೀಯೇ ಮಹರಾಯ್ತಿ, ಒಂದ್ಸಲ ಮುಖ ತೋರಿಸಬಾರ್ದಾ?”

ಆಕೆ ಮೆಟ್ಟಿಲಿಳಿದು ಬಂದದ್ದು ಒದ್ದೆ ಬಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ.

“ತಪ್ಪು ತಿಳೀಬೇಡಿ ಕಣ್ರೀ, ನಿಮ್ಮ ಮನೆಯವರು ಹೆಣ್ಣು ನೋಡ್ತಿದ್ದಾರೆ.”

“ಯಾರಿಗೆ?” ಎಂದಳು ವಿವರಪ್ಪನವರ ಹೆಂಡತಿ.

“ನಿಮ್ಮನೇಲಿ ಮದುವೆ ವಯಸ್ಸಿನವರು ಯಾರೂ ಇಲ್ವಲ್ಲ, ನಂಗೂ ಅದೇ ಯೋಚನೆ. ದಿನಾ ಎಪ್ಪತ್ತು ಜನರನ್ನ ನೋಡ್ತಾರೆ. ಒಬ್ಬಳೂ ಒಪ್ಪಿಗೆ ಆಗ್ತಿಲ್ಲ. ಅಂಗಿ ನೀಲಿ ಇರಬೇಕಂತೆ.”

ಹೆಂಡತಿ ನಕ್ಕುಬಿಟ್ಟಳು. ಆದರೆ ಮಾರನೇ ದಿನ ತನ್ನ ನೀಲಿ ಬಟ್ಟೆಗಳನ್ನು ಬೀರುವಿನಿಂದ ಹೊರಗೆ ತೆಗೆದು ಒಮ್ಮೆ ನೋಡಿದಳು ಎಂಬುದನ್ನು ನಾವು ಮುಚ್ಚಿಡಬಾರದು.

ಎರಡು ತಿಂಗಳಾಯಿತು. ನಾಲ್ಕು ಸಾವಿರ ಆಟ ಮುಗಿಯಿತು, ಗಂಟೆ ಹೆಂಗಸು ಸಿಗಲಿಲ್ಲ. ವಿವರಪ್ಪನವರು ಜೋಲುಮುಖ ಹೊತ್ತು ರಿಪೇರಿಯವನ ಬಳಿಗೆ ಹೋದರು. “ನೀಲಿ ಅಂಗಿ, ಏಣಿ, ಗಂಟೆ ಅಂದ್ರೆ ಆಗ್ಲಿಲ್ಲ ಸಾರ್. ಸರಿಯಾಗಿ ವಿವರ ಹೇಳಿ” ಎಂದ ಅವನು.

ಇಪ್ಪತ್ತೆರಡು ವರ್ಷದಲ್ಲಿ ಆ ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಮುಖಕ್ಕೆ ಹೊಡೆದಂತಾಯಿತು. ಕಚೇರಿಗೆ ಬಂದು, ಊಟದ ಬಿಡುವಿನಲ್ಲಿ ಒಂದು ಏಳನೇ ನಮೂನೆ ತೆಗೆದುಕೊಂಡರು. ಕಳೆದುಕೊಂಡವರು ತುಂಬಬೇಕಾದ ಅರ್ಜಿ ಅದು. ಅವರ ತಲೆ ನೆಟ್ಟಗೆ ಯೋಚಿಸುತ್ತಿದ್ದದ್ದು ಆ ಅರ್ಜಿಯ ಅಂಕಣಗಳಲ್ಲಿ ಮಾತ್ರ.

ಕಳೆದುಹೋದದ್ದು: ಹೆಂಗಸು, ಒಬ್ಬಳು. ಬಟ್ಟೆ: ನೀಲಿ ಅಂಗಿ. ವಯಸ್ಸು: ಆಗ ಎಷ್ಟಿತ್ತೋ ಈಗಲೂ ಅಷ್ಟೇ ಇರಬೇಕು. ಗುರುತಿನ ಚಿಹ್ನೆ: ಮೂಗಿಲ್ಲ, ಬಾಯಿಯೂ ಇಲ್ಲ. ಕಡೆಯ ಸಲ ಕಂಡದ್ದು: ಮೂವತ್ತನಾಲ್ಕು ವರ್ಷದ ಹಿಂದೆ, ಏಳನೇ ಮಹಡಿಯಲ್ಲಿ. ಆಗ ಜೊತೆಯಲ್ಲಿದ್ದವರು: ನಾನು, ಅಕ್ಕ. ಕಳೆದ ಬಗೆ: ನನ್ನ ಕೈತಪ್ಪಿನಿಂದ ಕೆಳಗೆ ಬಿದ್ದಳು. ಸಿಕ್ಕರೆ ಯಾರಿಗೆ ತಲುಪಿಸಬೇಕು ಎಂಬಲ್ಲಿ, ಕೈ ತಡೆಯದೆ, ಅಕ್ಕನ ಅಂಗಡಿಯ ವಿಳಾಸ ಬರೆದರು. ಬರೆದು, ಆ ವಿಳಾಸವನ್ನೇ ನೋಡುತ್ತ ಕೂತರು. ಕಣ್ಣು ಒದ್ದೆಯಾಯಿತು. ಅಷ್ಟರಲ್ಲಿ ಕಿಟಕಿಗೆ ಯಾರೋ ಬಂದು ಚಪ್ಪಲಿ ಕೇಳಿದರು. ವಿವರಪ್ಪನವರು ಕಣ್ಣೊರೆಸಿಕೊಂಡು ಎದ್ದರು, ಅವರ ಕೈ ಮಾತ್ರ ತುಂಬಿದ ಅರ್ಜಿಗೆ ವಿಭಾಗದ ಮೊಹರು ಒತ್ತಿ, ‘ಮೇಲಧಿಕಾರಿಗಳ ಸಹಿಗೆ’ ಎಂಬ ತಟ್ಟೆಯಲ್ಲಿಟ್ಟಿತು. ಇಪ್ಪತ್ತೆರಡು ವರ್ಷದ ಅಭ್ಯಾಸ. ಕೈಯನ್ನು ದೂರಿ ಫಲವಿಲ್ಲ.

ಮೇಲಧಿಕಾರಿ ಓದಿ ಸಹಿ ಮಾಡುವವರಲ್ಲ. ಕಣ್ಣು, ಕೈ ಎರಡಕ್ಕೂ ಒಂದೇ ಸಲಕ್ಕೆ ಕೆಲಸ ಕೊಡುವುದು ಅವರ ಪ್ರಕಾರ ಶೋಷಣೆ. ಇನ್ನು ರವಾನೆ ಗುಮಾಸ್ತನೋ, ಮೊದಲ ಅಂಕಣ ಮಾತ್ರ ಓದುವವನು. ಕಳೆದದ್ದು ಉಸಿರಾಡುವಂಥದ್ದಾದರೆ ಪೊಲೀಸ್ ಠಾಣೆಗೆ ಕಳಿಸತಕ್ಕದ್ದು ಎಂದು ನಿಯಮವಿತ್ತು. ಹಿಂದೆ ಒಂದು ಗಿಳಿ, ಒಂದು ಆಡು, ಬಸ್ಸಿನಲ್ಲಿ ನಿದ್ದೆ ಹೋಗಿದ್ದ ಒಬ್ಬ ಮಾವ ಹಾಗೆಯೇ ಹೋಗಿದ್ದರು. ಗಂಟೆ ಹೆಂಗಸೂ ಹೋದಳು.

ಠಾಣೆಗೆ ಹೊಸದಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರಿಗೆ ಅಲ್ಲಿಯ ತನಕ ಸಿಕ್ಕಿದ್ದು ಬರೀ ಸೈಕಲ್ ಕಳ್ಳತನ. ಅವರು ಅರ್ಜಿಯನ್ನು ಮೂರು ಸಲ ಓದಿ, ಎದ್ದು ನಿಂತು ಟೋಪಿ ಹಾಕಿಕೊಂಡರು. ಬಿದ್ದ ಹೆಂಗಸು, ಮೂಗಿಲ್ಲ, ಕೈತಪ್ಪು, ಮೂವತ್ತನಾಲ್ಕು ವರ್ಷದ ಪಶ್ಚಾತ್ತಾಪ, ಇಲಾಖೆಯ ಮೊಹರು ಸಮೇತ ತಪ್ಪೊಪ್ಪಿಗೆ!

ಮರುದಿನ ಬೆಳಿಗ್ಗೆ ವಿವರಪ್ಪನವರು ಕೆನ್ನೆಗೆ ನೊರೆ ಹಚ್ಚಿಕೊಂಡಿದ್ದಾಗ ಜೀಪು ಬಂತು. ಮೇಲಿನ ಮನೆಯಾಕೆ ಜೀಪಿಗಿಂತ ಮೊದಲೇ ಬಾಗಿಲಲ್ಲಿದ್ದಳು.

“ಆ ಹೆಂಗಸು ಎಲ್ಲಿ?” ಎಂದರು ಇನ್ಸ್‌ಪೆಕ್ಟರು.

“ಅದೇ ಸಾರ್, ನಾನೂ ಎರಡು ತಿಂಗಳಿಂದ ಹುಡುಕ್ತಿದ್ದೀನಿ” ಎಂದರು ವಿವರಪ್ಪನವರು, ಅರ್ಜಿ ಹೇಗೋ ಸರಿಯಾದವರ ಕೈ ಸೇರಿತೆಂದು ಸಂತೋಷಪಟ್ಟು. “ನಾಲ್ಕು ಸಾವಿರ ಜನರನ್ನ ನೋಡಿದೆ.”

“ನಾನು ಹೇಳಿರ್ಲಿಲ್ವಾ?” ಎಂದಳು ಮೇಲಿನ ಮನೆಯಾಕೆ.

“ಮೂಗು ಏನಾಯ್ತು?”

“ಮೊದಲಿಂದಲೂ ಇರ್ಲಿಲ್ಲ ಸಾರ್. ಅಷ್ಟು ಸಣ್ಣ ಮುಖದಲ್ಲಿ ಎಲ್ಲಿ ಹಿಡಿಸುತ್ತೆ?”

“ಮೂವತ್ತನಾಲ್ಕು ವರ್ಷದ ಹಿಂದೆ ಬಿದ್ದಳು ಅಂತ ಬರೆದಿದ್ದೀರಿ. ಎಷ್ಟು ಸಲ ಬಿದ್ದಳು?”

“ದಿನಕ್ಕೆ ಹತ್ತು ಹನ್ನೆರಡು ಸಲ. ಎಲ್ಲಾ ನನ್ನಿಂದಲೇ. ಅಕ್ಕ ಪಾಪ ಜೋಪಾನವಾಗಿ ಹತ್ತಿಸೋಳು.”

ಕಾನ್‌ಸ್ಟೇಬಲ್ ಬರೆದುಕೊಳ್ಳುತ್ತಿದ್ದ ಪೆನ್ನು ನಿಂತಿತು. ವಿವರಪ್ಪನವರ ಹೆಂಡತಿ ಅಡುಗೆಮನೆಯಿಂದ ಹೊರಗೆ ಬಂದು ಬೆರಳು ಮಡಿಸಿ ಲೆಕ್ಕ ಹಾಕಿದಳು. “ಮೂವತ್ತನಾಲ್ಕು ವರ್ಷದ ಹಿಂದೆ ನಿಮಗೆ ಹನ್ನೊಂದು! ಹನ್ನೊಂದಕ್ಕೇ ಶುರು ಮಾಡಿದ್ರಾ?”

ಆಗ ವಿವರಪ್ಪನವರಿಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಯಂತ್ರವನ್ನು ಎತ್ತಿ ತೋರಿಸುತ್ತ, “ಅಯ್ಯೋ, ಅವಳು ಇದರೊಳಗೆ ಇರೋಳು ಸಾರ್! ಆಟ, ಬರೀ ಆಟ!” ಎಂದು ಕೂಗಿದರು.

“ಅದು ಆಫೀಸಿನ ತಪಾಸಣೆ ಉಪಕರಣ ಅಂದಿದ್ರಿ” ಎಂದಳು ಹೆಂಡತಿ.

“ಸುಳ್ಳು ಹೇಳಿದ್ದೆ ಕಣೇ.”

“ಹಾಗಾದ್ರೆ ಈಗ ಹೇಳ್ತಿರೋದೂ ಸುಳ್ಳಿರಬಹುದು” ಎಂದರು ಇನ್ಸ್‌ಪೆಕ್ಟರು, ತಮ್ಮ ತರ್ಕಕ್ಕೆ ತಾವೇ ತಲೆದೂಗಿ. “ನಿಮ್ಮ ಅಕ್ಕನನ್ನ ಕರೆಯೋಕೆ ಅವರ ಅಂಗಡಿಗೂ ಕಾನ್‌ಸ್ಟೇಬಲ್ ಹೋಗಿದ್ದಾನೆ. ಸಾಕ್ಷಿ ಅವರೊಬ್ಬರೇ ಅಲ್ವಾ? ಹನ್ನೊಂದು ಗಂಟೆಗೆ ಠಾಣೆಗೆ ಬರ್ತಾರೆ.”

ವಿವರಪ್ಪನವರು ಅರ್ಧ ಗಡ್ಡ ಹೆರೆದ ಮುಖದಲ್ಲಿ ಗೋಡೆ ಹಿಡಿದುಕೊಂಡರು. ಎಷ್ಟು ಸಲ ಅವರು ಈ ಭೇಟಿಯನ್ನು ಮನಸ್ಸಿನಲ್ಲಿ ಕಟ್ಟಿದ್ದರು! ಅಕ್ಕನ ಅಂಗಡಿಗೆ ಹೋಗುವುದು, ಏನೂ ಹೇಳದೆ ಯಂತ್ರವನ್ನು ಗಾಜಿನ ಮೇಜಿನ ಮೇಲಿಡುವುದು, ಗಂಟೆ ಹೆಂಗಸನ್ನು ನೋಡಿ ಅಕ್ಕ ಕನ್ನಡಕ ತೆಗೆಯುವುದು. ಈಗ ಬರಿಗೈಯಲ್ಲಿ, ಪೊಲೀಸ್ ಠಾಣೆಯಲ್ಲಿ, ಅವಳ ಅಂಗಡಿಗೂ ಕಾನ್‌ಸ್ಟೇಬಲ್ ಹೊಕ್ಕ ಅವಮಾನದ ಮೇಲೆ! ಹೆಂಡತಿ ಗಂಡನ ಮುಖ ನೋಡಿದಳು, ಸಿಟ್ಟು ಇಳಿಯಿತು. “ಉಳಿದರ್ಧ ಗಡ್ಡ ತೆಗೀರಿ ಮೊದಲು. ಅತ್ತಿಗೆ ಎದುರಿಗೆ ಹೀಗೇ ಹೋಗ್ತೀರಾ?” ಎಂದು ಒಗೆದ ಅಂಗಿ ತಂದುಕೊಟ್ಟಳು.

ಠಾಣೆಯಲ್ಲಿ ಇದ್ದದ್ದು ಒಂದೇ ಬೆಂಚು. ಅಕ್ಕ ಬಂದಳು, ತಲೆ ಅರ್ಧ ನರೆತಿತ್ತು. ತಮ್ಮನನ್ನು ನೋಡದೆ ಬೆಂಚಿನ ಆ ತುದಿಯಲ್ಲಿ ಕೂತಳು, ತಮ್ಮ ಈ ತುದಿಯಲ್ಲಿ. ಹನ್ನೊಂದು ವರ್ಷದಲ್ಲಿ ಇಷ್ಟು ಹತ್ತಿರ ಅವರು ಕೂತಿರಲಿಲ್ಲ. ಅವಳ ಕೈಚೀಲದಿಂದ ಕನ್ನಡಕದ ಗಾಜು ಒರೆಸುವ ಔಷಧಿಯ ವಾಸನೆ ಬರುತ್ತಿತ್ತು. ವಿವರಪ್ಪನವರಿಗೆ ಅಲ್ಲೇ ಅತ್ತುಬಿಡೋಣ ಎನ್ನಿಸಿತು.

“ನನ್ನ ಅಂಗಡಿಗೆ ಪೊಲೀಸರನ್ನ ಕಳಿಸಿದ್ದು ಯಾಕೆ ಅಂತ ಅವನನ್ನ ಕೇಳಿ ಸಾರ್” ಎಂದಳು ಅಕ್ಕ.

“ಯಾಕೆ ಕಳಿಸಿದ್ರಿ?” ಎಂದರು ಇನ್ಸ್‌ಪೆಕ್ಟರು ಈ ಕಡೆ ತಿರುಗಿ.

“ನಾನು ಕಳಿಸಲಿಲ್ಲ, ಕೈ ಕಳಿಸ್ತು ಅಂತ ಹೇಳಿ ಸಾರ್.”

“ಕೈ ಕಳಿಸ್ತಂತೆ” ಎಂದರು ಇನ್ಸ್‌ಪೆಕ್ಟರು ಆ ಕಡೆ ತಿರುಗಿ.

“ಅವನ ಕೈ ವಿಷಯ ನನಗೆ ಗೊತ್ತಿಲ್ವಾ ಅಂತ ಹೇಳಿ.”

ಇನ್ಸ್‌ಪೆಕ್ಟರಿಗೆ ಕುತ್ತಿಗೆ ನೋವು ಬಂತು. “ಒಂದೇ ಬೆಂಚಲ್ಲಿ ಕೂತಿದ್ದೀರಿ! ನಾನೇನು ಟಪಾಲಿನವನೇನ್ರೀ?” ಎಂದು ಗದರಿ, ಅರ್ಜಿಯನ್ನು ಗಟ್ಟಿಯಾಗಿ ಓದತೊಡಗಿದರು. ಏಳನೇ ಮಹಡಿ ಎಂಬಲ್ಲಿ ಅಕ್ಕ ತಲೆಯೆತ್ತಿದಳು. ಮೂಗಿಲ್ಲ, ಬಾಯಿಯೂ ಇಲ್ಲ ಎಂಬಲ್ಲಿ ಅವಳ ಭುಜ ಅಲುಗಿತು. ಕೈತಪ್ಪಿನಿಂದ ಕೆಳಗೆ ಬಿದ್ದಳು ಎಂಬಲ್ಲಿಗೆ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಅಳಬೇಡಿ ತಾಯಿ. ನಿಜ ಹೇಳಿದ್ರೆ ಮನಸ್ಸು ಹಗುರ ಆಗುತ್ತೆ” ಎಂದು ಇನ್ಸ್‌ಪೆಕ್ಟರು ನೀರಿನ ಲೋಟ ಮುಂದೆ ತಳ್ಳಿದರು.

ಅಕ್ಕ ಅಳುತ್ತಿರಲಿಲ್ಲ. ನಗು ತಡೆಯಲಾರದೆ ಬೆಂಚೇ ನಡುಗುತ್ತಿತ್ತು. “ಸಾರ್, ಅವಳು ಬಿದ್ದರೂ ಏನೂ ಆಗ್ತಿರ್ಲಿಲ್ಲ. ಅವಳಿಗೆ ಮೂರು ಜೀವ!” ಎಂದಳು. ಆಮೇಲೆ ಆಟದ ಪೆಟ್ಟಿಗೆಯಿಂದ ಹಿಡಿದು ಇಸ್ತ್ರಿಪೆಟ್ಟಿಗೆಯ ತನಕ ಎಲ್ಲವನ್ನೂ ಹೇಳಿದಳು. ಇನ್ಸ್‌ಪೆಕ್ಟರು ನಿಧಾನವಾಗಿ ಟೋಪಿ ತೆಗೆದು ಮೇಜಿನ ಮೇಲಿಟ್ಟರು. ಗುಡ್ಡ ಅಗೆದು ಇಲಿ ಹಿಡಿದವರ ಮುಖವನ್ನು ನೀವು ನೋಡಿರದಿದ್ದರೆ ಆಗ ಅವರ ಮುಖ ನೋಡಬೇಕಿತ್ತು.

“ಅಂದ್ರೆ ಹೆಂಗಸೇ ಇಲ್ಲ?”

“ಇದ್ದಾಳೆ, ಸಿಗ್ತಿಲ್ಲ” ಎಂದರು ವಿವರಪ್ಪನವರು. “ನಾಲ್ಕು ಸಾವಿರ ನೋಡಿದೆ. ನೀಲಿ ಅಂಗಿಯವಳು ಒಬ್ಬಳೂ ಏಣಿ ಹತ್ತಲ್ಲ ಅಂತ ಅಕ್ಕನಿಗೆ ಹೇಳಿ ಸಾರ್.”

“ಅವಳ ಅಂಗಿ ನೀಲಿ ಅಲ್ಲ, ಗುಲಾಬಿ ಅಂತ ಅವನಿಗೆ ಹೇಳಿ.”

ವಿವರಪ್ಪನವರು ಬೆಚ್ಚಿದರು. “ನೀಲಿ! ನಾನೇ ನೋಡಿದ್ದೀನಿ!”

“ನಮ್ಮ ಟಿ.ವಿ.ಯಲ್ಲಿ ಕೆಂಪು ಸತ್ತುಹೋಗಿತ್ತು ಸಾರ್. ಗುಲಾಬಿ ಎಲ್ಲ ನೀಲಿ ಕಾಣ್ತಿತ್ತು. ಸುದ್ದಿ ಓದೋರ ಮುಖ ಹಸಿರು. ಅವರಿಗೆಲ್ಲ ಕಾಯಿಲೆ ಅಂತ ಇವನು ದಿನಾ ಮರುಗ್ತಿದ್ದ. ಗೆಳತಿ ಮನೇಲಿ ನೋಡಿದಾಗ ನನಗೆ ಗೊತ್ತಾಗಿದ್ದು, ನಮ್ಮ ಗಂಟೆ ಹೆಂಗಸಿನ ಅಂಗಿ ಗುಲಾಬಿ ಅಂತ.”

“ಮತ್ತೆ ನನಗ್ಯಾಕೆ ಹೇಳ್ಲಿಲ್ಲ ಅಂತ ಕೇಳಿ ಸಾರ್.”

“ನಿನಗೆ ನೀಲಿ ಅಂದ್ರೆ ಪ್ರಾಣ ಆಗಿತ್ತಲ್ಲೋ ಮಂಕೇ, ಹೇಗೆ ಹೇಳ್ಲಿ?” ಎಂದಳು ಅಕ್ಕ.

ಇನ್ಸ್‌ಪೆಕ್ಟರು ಅಭ್ಯಾಸಬಲದಿಂದ ಆ ಮಾತನ್ನು ದಾಟಿಸಲು ಈ ಕಡೆ ತಿರುಗಿದರು. ದಾಟಿಸುವ ಅಗತ್ಯವಿರಲಿಲ್ಲ. ಅದು ನೇರವಾಗಿ ಬಂದಿತ್ತು. ಹನ್ನೊಂದು ವರ್ಷ ಕಾದದ್ದು ಹೀಗೆ ಕಾನ್‌ಸ್ಟೇಬಲ್‌ಗಳ ನಡುವೆ ಬಂದು ಬಿದ್ದಾಗ ಏನು ಮಾಡಬೇಕೆಂದು ವಿವರಪ್ಪನವರಿಗೆ ತಿಳಿಯಲಿಲ್ಲ. ಅಕ್ಕನಿಗೂ ತಾನು ಆಡಿಬಿಟ್ಟದ್ದು ಆಮೇಲೆ ಹೊಳೆದು, ತಟ್ಟನೆ ಗೋಡೆಯ ಕಡೆ ಮುಖ ತಿರುಗಿಸಿದಳು.

ಸಾಕ್ಷ್ಯವೆಂದು ಚೀಲಕ್ಕೆ ಹಾಕಿ ಮೊಹರು ಮಾಡಿದ್ದ ಯಂತ್ರವನ್ನು ಇನ್ಸ್‌ಪೆಕ್ಟರು ತಾವೇ ಬಿಚ್ಚಿದರು. ಅವರಿಗೂ ಆ ಹೆಂಗಸನ್ನು ನೋಡಬೇಕಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ವಿವರಪ್ಪನವರಿಗೆಂದೇ ಹುಟ್ಟಿದ್ದಿರಬೇಕು. ಅಂಗಿ ಗುಲಾಬಿ ಎಂದು ಅವರು ಎರಡು ತಿಂಗಳಲ್ಲಿ ಐದು ಸಲ ತೆಗೆದು ಐದು ಸಲವೂ ಮುಚ್ಚಿದ್ದ ಆಟ ಅದು. ಈಗ ತೆರೆದರು. ಏಣಿ ಬಂತು, ಡ್ರಮ್ಮು ಬಂತು, ಮೇಲೆ ಗಂಟೆ ತೂಗುತ್ತಿತ್ತು. ಗುಲಾಬಿ ಅಂಗಿಯ, ಮೂಗಿಲ್ಲದ ಹೆಂಗಸು ಕೆಳಗಿನ ಮೂಲೆಯಲ್ಲಿ ಕಾಯುತ್ತ ನಿಂತಿದ್ದಳು. ಅಕ್ಕ ಯಾವಾಗ ಬೆಂಚಿನ ಈ ತುದಿಗೆ ಸರಿದಳೋ ಯಾರೂ ನೋಡಲಿಲ್ಲ.

ವಿವರಪ್ಪನವರು ಸದ್ದು ಹೆಚ್ಚಿಸಿದರು. ಯಂತ್ರ ಟಿಣಿಟಿಣಿ ಎಂದು ಒಂದು ಅವಸರದ ರಾಗವನ್ನು ಬಾರಿಸತೊಡಗಿತು. ಅವರ ಮುಖ ಬಾಡಿತು.

“ಇದಲ್ಲ ಅಕ್ಕ” ಎಂದರು. “ಎಲ್ಲಾ ಸರಿ ಇದೆ. ರಾಗ ಇದಲ್ಲ. ನಮ್ಮ ಆಟದ ರಾಗವೇ ಬೇರೆ. ನನಗೆ ಚೆನ್ನಾಗಿ ನೆನಪಿದೆ.”

“ನಮ್ಮ ಆಟಕ್ಕೆ ರಾಗ ಎಲ್ಲಿತ್ತೋ?” ಎಂದಳು ಅಕ್ಕ. “ಒಳಗಿನ ಕೋಣೇಲಿ ಅಮ್ಮ ತಲೆನೋವು ಅಂತ ಮಲಗಿರೋಳು. ಒಂದು ದಿನಾನಾದ್ರೂ ಟಿ.ವಿ. ಸದ್ದು ಇಟ್ಟಿದ್ವಾ?”

ವಿವರಪ್ಪನವರು ಯೋಚಿಸಿದರು. ಎಳೆದ ಪರದೆ, ಅರೆ ಕತ್ತಲ ಕೋಣೆ, ಸದ್ದಿಲ್ಲದೆ ಉರುಳುವ ಡ್ರಮ್ಮುಗಳು ನೆನಪಿಗೆ ಬಂದವು. ಹೌದು, ಟಿ.ವಿ. ಮೂಕವಾಗಿಯೇ ಇರುತ್ತಿತ್ತು.

“ಮತ್ತೆ ರಾಗ?”

“ನೀನು ಸದ್ದಿಲ್ಲದಿದ್ರೆ ಹೆದರ್ತಿದ್ದೆ. ಅದಕ್ಕೆ ನಿನ್ನ ಕಿವಿ ಹತ್ರ ನಾನೇ ಏನೋ ಒಂದು ಗುನುಗ್ತಿದ್ದೆ. ಬಾಯಿಗೆ ಬಂದದ್ದು.” ಅಕ್ಕ ಕನ್ನಡಕ ತೆಗೆದು, ಗಾಜನ್ನು ಒರೆಸಿ, ಮತ್ತೆ ಹಾಕಿಕೊಂಡಳು. “ಏನು ಗುನುಗ್ತಿದ್ದೆ ಅಂತ ನನಗೇ ನೆನಪಿಲ್ಲ. ಮರೆತೇಹೋಯ್ತು.”

ವಿವರಪ್ಪನವರು ಯಂತ್ರದ ಸದ್ದನ್ನು ಪೂರ್ತಿ ಇಳಿಸಿದರು. ಅವರು ಅಕ್ಕನ ಕಿವಿಯ ಹ‍‍ತ್ತಿರ ಬಾಗಿ, ಒಂದು ಸ್ವರವೂ ಆಚೀಚೆಯಾಗದಂತೆ, ಡ್ರಮ್ಮು ಬರುವಲ್ಲಿ ಸ್ವಲ್ಪ ಏರಿಸಿ, ಏಣಿ ಸಿಕ್ಕಲ್ಲಿ ಇಳಿಸಿ, ಆ ರಾಗವನ್ನು ಮೊದಲಿನಿಂದ ಕಡೆಯ ತನಕ ಗುನುಗಿದರು. ಫೋನಿಗೆ ಕೊಕ್ಕರೆಯಾಗಿ ಕೇಳಿಸಿದ್ದು ಅಕ್ಕನಿಗೆ ಹದಿನಾರು ವರ್ಷದ ಒಂದು ಹುಡುಗಿಯ ದನಿಯಾಗಿ ಕೇಳಿಸಿತು. ಅವಳು ಅಲುಗಾಡದೆ ಕೇಳಿದಳು. ಅವಳ ಕಣ್ಣೀರು ಈ ಸಲ ನಗುವಿನದಾಗಿರಲಿಲ್ಲ.

“ನಂದನ್ನ ಇಷ್ಟು ಜೋಪಾನವಾಗಿ ಇಟ್ಟಿದ್ದೀಯೇನೋ?” ಎಂದಳು. ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಇನ್ನೊಂದ್ಸಲ ಹೇಳು” ಎಂದಳು.